ಒದ್ದೆ ಹೆಜ್ಜೆಯ ಗುರುತು

ಮಳೆಗಾಲ ಬಂದು ತೋಟದ ಹೆಂಗಸರು ಗಂಬೂಟು ಹಾಕಿಕೊಂಡರೆ ಸಾಕು, ಹಿಮ್ಮಡಿ ನೋವು, ನಿದ್ದೆಗೇಡು, ಸಿಡುಕು ಎನ್ನುತ್ತಾ ಒಬ್ಬರಾದರೂ ಆಪ್ತಸಲಹೆಗೆ ನನ್ನ ಬಳಿ ಬರುತ್ತಾರೆ. ಅವರಲ್ಲೊಬ್ಬರ ಕತೆಯನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಸೋಮವಾರಪೇಟೆ ಕಡೆಯವರು, ನಲವತ್ತು ದಾಟಿದವರು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತಿತ್ತು. ಪಾದದಡಿ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹಾಯುವ ಗಟ್ಟಿ ಪಟ್ಟಿಗೆ ಎಳೆತ ಬಿದ್ದಿದೆ, ಪ್ಲಾಂಟರ್ ಫೇಶಿಯೈಟಿಸ್ ಎಂದು ವೈದ್ಯರು ಹೇಳಿದ್ದರು. ಮನೆಯವರು ಅದನ್ನು ಸೋಮಾರಿತನ ಎನ್ನುತ್ತಿದ್ದರು.

ಮೂರನೇ ಭೇಟಿಯ ದಿನ ಜೋರು ಮಳೆ. ಗಂಬೂಟು ಹೊರಗೆ ಬಿಟ್ಟು ಬಂದರು. ರೆಡ್ ಆಕ್ಸೈಡ್ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತು. ನಡುವೆ ಬಾಗೇ ಇಲ್ಲ, ಇಡೀ ಪಾದ ಒತ್ತಿದ ಗುರುತು. ನಾನು ನೋಡುತ್ತಿರುವುದು ಕಂಡದ್ದೇ ಇನ್ನೊಂದು ಕಾಲಿನಿಂದ ಅದನ್ನು ಉಜ್ಜಿ ಅಳಿಸಿದರು.

"ಸಪಾಟು ಪಾದ ಮೇಡಂ. ಮನೆಗೆ ಒಳ್ಳೇದಲ್ಲ ಅಂತ ಮದುವೆಯಾದ ವರ್ಷವೇ ಅತ್ತೆ ಹೇಳಿದ್ರು. ಅಂಗಡೀಲಿ ಯಾರ ಮುಂದೂ ಕಾಲು ಚಾಚಲ್ಲ ನಾನು. ಈ ಬೂಟು ಮಗ ಅಂದಾಜಲ್ಲಿ ತಂದದ್ದು."

ಬೂಟು ಎರಡು ಸೈಜು ದೊಡ್ಡದು. ತುದಿಗೆ ಹಳೇ ಬಟ್ಟೆ ತುರುಕಿದ್ದರು. ತೋಟದ ಇಳಿಜಾರಿನಲ್ಲಿ ಅದನ್ನು ಕಾಲಲ್ಲಿ ಉಳಿಸಿಕೊಳ್ಳಲು ಬೆರಳುಗಳು ದಿನವಿಡೀ ಒದ್ದಾಡುತ್ತಿದ್ದವು.

ಅಂದು ನಾವು ಪಾದದ ಮಾತನ್ನೇ ಆಡಿದೆವು. ಇದು ಆಪ್ತಸಲಹೆ ಹೇಗಾಯಿತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ಹೆಂಗಸಿನ ನಾಚಿಕೆ ಕೂತದ್ದೇ ಅಂಗಾಲಿನಲ್ಲಿ, ನಾನು ಬೇರೆಲ್ಲಿ ಕೈ ಹಾಕಲಿ? ಎಳೆ ಮಕ್ಕಳ ಪಾದವೆಲ್ಲ ಸಪಾಟಾಗಿಯೇ ಕಾಣುತ್ತದೆ, ಅಂಗಾಲಿನ ನಡುವಿನ ಕಮಾನು ಮೂಡುವುದು ಬೆಳೆಯುತ್ತಾ, ಕೆಲವರಿಗೆ ಮೂಡುವುದೇ ಇಲ್ಲ, ಅಂಥ ಎಷ್ಟೋ ಮಂದಿಗೆ ನೋವೂ ಇರುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಬೂಟು ಸಂಜೆ ಕೊಳ್ಳಿ ಎಂದೆ, ಆ ಹೊತ್ತಿಗೆ ಪಾದ ಊದಿರುತ್ತದೆ. ತೋಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ನಿಂತು ನೋಡಬೇಕು. ಎರಡು ಪಾದದಲ್ಲಿ ದೊಡ್ಡದಕ್ಕೆ ಅಳತೆ. ಉದ್ದನೆ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ, ಹಿಮ್ಮಡಿ ಮಾತ್ರ ಜಾರಬಾರದು. ಬೂಟಿನೊಳಗೆ ಅಂಗಾಲಡಿ ಇಡುವ ಇನ್‌ಸೋಲ್ ಒತ್ತಿದರೆ ಕುಸಿಯುವ ಸ್ಪಂಜಿನದ್ದು ಬೇಡ. ಹಿಮ್ಮಡಿ ಕೂರಲು ಬಟ್ಟಲಿನಂಥ ತಗ್ಗು, ಕಮಾನಿನಡಿ ಬಿಗಿ ಆಸರೆ ಇರುವುದು ಇವರಿಗೆ ಹೊಂದುತ್ತದೆ. (ಕಮಾನು ತೀರಾ ಎತ್ತರದವರಿಗೆ ಮೆತ್ತೆ ಹೆಚ್ಚು ಬೇಕು. ಪಕ್ಕದ ಮನೆಯವರದ್ದು ನೋಡಿ ಕೊಳ್ಳಬೇಡಿ.) ಇನ್‌ಸೋಲನ್ನು ಅಂಗಡಿಗೆ ಒಯ್ದು ಅದರ ಸಮೇತವೇ ಬೂಟು ಹಾಕಿ ನೋಡಬೇಕು, ರಾತ್ರಿ ಹೊರತೆಗೆದು ಒಣಗಿಸಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಮೊದಲು ವೈದ್ಯರ ಬಳಿ ಹೋಗಲೇಬೇಕು.

ಎರಡು ತಿಂಗಳಿಗೆ ಬೆಳಗಿನ ನೋವು ಬಹಳ ತಗ್ಗಿತ್ತು, ಇಳಿಜಾರಿನಲ್ಲಿ ಇನ್ನೂ ಇತ್ತು. ಆ ದಿನವೂ ಮಳೆ. ಒದ್ದೆ ಗುರುತನ್ನು ಹಾಗೇ ಬಿಟ್ಟು ಕುಳಿತರು. ಹೊರಡುವಾಗ ಕೇಳಿದರು: "ಮಗಳದ್ದೂ ಇದೇ ಪಾದ. ಗಂಡು ನೋಡ್ತಾ ಇದ್ದೀವಿ. ಅದಕ್ಕೂ ಮುಂಚೆ ಅವಳನ್ನ ಒಮ್ಮೆ ಕರ್ಕೊಂಡು ಬರ್ಲಾ?"