ಬಿಲ್ಲಿಂಗ್ ಜೊತೆ ಗೋಡೌನ್ ಕೆಲಸವನ್ನೂ ಒಪ್ಪಬೇಕೆ?

ಪ್ರಶ್ನೆ: ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಸೇರಿದ್ದೇನೆ. ಈಗ ಗೋಡೌನ್ ಸ್ಟಾಕನ್ನೂ ನೋಡಿಕೊಳ್ಳಿ ಎನ್ನುತ್ತಿದ್ದಾರೆ ಮಾಲೀಕರು. ಒಪ್ಪಬಹುದೇ?

ಉತ್ತರ: ಒಪ್ಪಿ, ಕೆಲಸ ಕಲಿತಂತಾಗುತ್ತದೆ. ಆದರೆ ಸ್ಟಾಕ್ ಎಣಿಸದೆ ಬೀಗದಕೈ ಮುಟ್ಟಬೇಡಿ. ಅಂಗಡಿಗೆ ರಜೆ ಇರುವ ದಿನ ಮಾಲೀಕರ ಎದುರೇ ಎಣಿಸಿ, ಟ್ಯಾಲಿ ಎಂಬ ಸಾಫ್ಟ್‌ವೇರ್‌ನಲ್ಲಿರುವ ಲೆಕ್ಕದೊಂದಿಗೆ ತಾಳೆ ನೋಡಿ. ಲೆಕ್ಕದಲ್ಲಿ 40 ನೀರಿನ ನಲ್ಲಿ ಇದ್ದು, ರ‍್ಯಾಕ್‌ನಲ್ಲಿ 36 ಇದ್ದರೆ ಆ 4ರ ಕೊರತೆಯನ್ನು ಬರೆದು ಎರಡು ಪ್ರತಿಗೂ ಅವರ ಸಹಿ ಹಾಕಿಸಿ, ಒಂದನ್ನು ನೀವಿಟ್ಟುಕೊಳ್ಳಿ. ಇಲ್ಲದಿದ್ದರೆ ಹಳೆಯ ಕೊರತೆಯೂ ನಿಮ್ಮ ತಲೆಗೇ ಬರುತ್ತದೆ. ಮೊಳೆ, ಸ್ಕ್ರೂಗಳನ್ನು ತೂಕ ಹಾಕಿದರೆ ಸಾಕು.

ಬಿಲ್ಲೂ ಸ್ಟಾಕೂ ಒಂದೇ ಕೈಯಲ್ಲಿದ್ದರೆ, ಮಾಲು ಕಡಿಮೆಯಾದಾಗ ಅನುಮಾನ ನೇರ ನಿಮ್ಮ ಮೇಲೆ. ವಾರಕ್ಕೊಮ್ಮೆ ಬೇರೆಯವರು ಹತ್ತು ಐಟಂ ಎಣಿಸಲಿ ಎಂದು ನೀವೇ ಕೇಳಿ. ಸಂಬಳದ ಮಾತನ್ನೂ ಬೀಗದಕೈ ಪಡೆಯುವ ಮೊದಲೇ ಆಡಿಬಿಡಿ.