‘ನಮಗೇನು ಸೂತಕವಾ?’: ಗಣಿತ ಮೇಷ್ಟ್ರು ಹೋದ ಮೇಲೆ ಬಂದ ಒಬ್ಬ ತಾಯಿಯ ಪ್ರಕರಣ

ಆಕೆ ಬಂದಿದ್ದು ಮಗನ ವಿಷಯಕ್ಕೆ. ಫೋನಿನಲ್ಲಿ ಹೇಳಿದ್ದೂ ಅಷ್ಟೇ. "ಮಗ ಎಸ್ಸೆಸ್ಸೆಲ್ಸಿ, ಲೆಕ್ಕ ಅಂದ್ರೆ ಹೆದರ್ತಾನೆ, ಸ್ವಲ್ಪ ಕೌನ್ಸೆಲಿಂಗ್ ಮಾಡ್ಬೇಕು ಮೇಡಂ." ವಯಸ್ಸು 38. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರು. ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯೋಕೆ ಆಕೆ ಒಪ್ಪಿದ್ದಾರೆ.)

ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹುಡುಗನಿಗೆ ಗಣಿತದಲ್ಲಿ 80ಕ್ಕೆ 19 ಬಂದಿತ್ತು. ಆಕೆ ಉತ್ತರ ಪತ್ರಿಕೆಯನ್ನು ಅವನ ಕಣ್ಣೆದುರೇ ಎರಡು ಭಾಗ ಹರಿದರು. ಕಂಪಾಸ್ ಬಾಕ್ಸ್ ಎಸೆದರು. ಕೈವಾರ ಗೋಡೆಗೆ ಬಡಿದು ಬಿತ್ತು. ಅವತ್ತಿನಿಂದ ಹುಡುಗ ಅಮ್ಮನ ಹತ್ತಿರ ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಬಿಟ್ಟಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಭೇಟಿಯ ಮುಕ್ಕಾಲು ಗಂಟೆ ಪರೀಕ್ಷೆಯ ಭಯ, ಟೈಮ್‌ಟೇಬಲ್, ಮೊಬೈಲು ಅಂತಲೇ ಕಳೆದುಬಿಟ್ಟೆ. ಜನವರಿ ಫೆಬ್ರವರಿಯಲ್ಲಿ ಬರುವವರಲ್ಲಿ ಅರ್ಧಕ್ಕರ್ಧ ಇದೇ ಕಥೆ, ಹಾಗಾಗಿ ಕಿವಿ ಸ್ವಲ್ಪ ಜಡ್ಡುಗಟ್ಟಿರುತ್ತದೆ. ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ ಆಕೆ ಅಂದರು, "ನಮ್ ಲೆಕ್ಕದ ಮೇಷ್ಟ್ರು ಇದ್ದಿದ್ರೆ ಇವನನ್ನ ಅವರ ಹತ್ರ ಬಿಡ್ತಿದ್ದೆ. ದಸರಾ ಆದ ವಾರ ಹೋಗ್ಬಿಟ್ರು." ಹೇಳಿ ಬಾಗಿಲ ಹತ್ತಿರವೇ ನಿಂತರು. ಹೋಗಲಿಲ್ಲ.

ಮುಂದಿನ ವಾರ ಪೂರ್ತಿ ಮೇಷ್ಟ್ರ ಬಗ್ಗೆಯೇ ಮಾತಾಡಿದೆವು.

ಸುದ್ದಿ ಗೊತ್ತಾಗಿದ್ದು ಆಕೆಯ ಜೊತೆ ಹತ್ತನೇ ಕ್ಲಾಸು ಓದಿದವರ ವಾಟ್ಸಾಪ್ ಗುಂಪಿನಲ್ಲಿ, ಅದೂ ಒಂದು ದಿನ ತಡವಾಗಿ. ಫೋಟೋಗೆ ಹಾರ, ಕೆಳಗೆ ಸಾಲಾಗಿ ‘ಓಂ ಶಾಂತಿ’, ಕೈಮುಗಿದ ಚಿತ್ರಗಳು, ನಡುವೆ ಯಾರೋ ಒಬ್ಬ ಸೈಟು ಮಾರಾಟಕ್ಕಿದೆ ಅಂತ ಹಾಕಿದ್ದ. ಅಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ಆಫೀಸಿನಲ್ಲಿ ಆಡಿಟ್ ನಡೆಯುತ್ತಿತ್ತು, ರಜೆ ಕೇಳೋಕೆ ಆಗಲಿಲ್ಲ. ಏನಂತ ಕೇಳೋದು? ಅಪ್ಪ ಅಲ್ಲ, ಮಾವ ಅಲ್ಲ. ಮನೆಯಲ್ಲಿ ಅತ್ತಿದ್ದಕ್ಕೆ ಅತ್ತೆ, "ನಮಗೇನು ಸೂತಕವೇನಮ್ಮ, ಎದ್ದು ದೀಪ ಹಚ್ಚು" ಅಂದರಂತೆ. ಗಂಡ, "22 ವರ್ಷದ ಹಿಂದಿನ ಮೇಷ್ಟ್ರಿಗೆ ಇಷ್ಟೊಂದಾ?" ಅಂದರು. ಕೆಟ್ಟ ಮನಸ್ಸಿನಿಂದ ಅಲ್ಲ, ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಆಕೆ ಎದ್ದು ದೀಪ ಹಚ್ಚಿದರು.

ಅದಾದ ಮೇಲೆ ರಾತ್ರಿ ಮೂರಕ್ಕೆ ಎಚ್ಚರ. ಆಫೀಸಿನಲ್ಲಿ ಕೂಡಿದ ಮೊತ್ತ ತಾಳೆ ಬರುತ್ತಿಲ್ಲ, 15 ವರ್ಷದಲ್ಲಿ ಹೀಗಾಗಿದ್ದೇ ಇಲ್ಲ. ಮಗ ಲೆಕ್ಕದ ಪುಸ್ತಕ ತೆಗೆದರೆ ಸಾಕು, ಎಲ್ಲಿಂದಲೋ ಸಿಟ್ಟು.

ಸೂತಕ ಅನ್ನೋದನ್ನ ನಾವು ಬರೀ ಮಡಿ ಮೈಲಿಗೆ ಅಂತ ನೋಡುತ್ತೇವೆ, ಅಲ್ವಾ? ಆದರೆ ಅದರೊಳಗೆ ಒಂದು ರಜೆ ಚೀಟಿಯೂ ಇದೆ. ಇಷ್ಟು ದಿನ ನಿನಗೆ ಯಾವ ಕೆಲಸವೂ ಇಲ್ಲ, ಅಳು, ಬಂದವರ ಹತ್ತಿರ ಸತ್ತವರ ಮಾತಾಡು ಅಂತ ಊರೇ ಬರೆದುಕೊಡುವ ಚೀಟಿ. ಮೇಷ್ಟ್ರು, ಗೆಳತಿ, ಅಕ್ಕಪಕ್ಕದ ಮನೆಯವರು ಸತ್ತರೆ ಆ ಚೀಟಿ ಸಿಗುವುದಿಲ್ಲ. ಅಮೆರಿಕದ ಕೆನೆತ್ ಡೋಕಾ ಎಂಬ ತಜ್ಞರು 1989ರಲ್ಲೇ ಇಂಥ ದುಃಖಕ್ಕೆ ಬೇರೆ ಹೆಸರಿಟ್ಟು ಬರೆದರು. ಸಮಾಜ ಒಪ್ಪದ, ಲೆಕ್ಕಕ್ಕೆ ಹಿಡಿಯದ ದುಃಖ ಅಂತ ಅದರ ಅರ್ಥ. ಆಕೆಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ನಾಟಕ ಮಾಡ್ತಿಲ್ಲ ತಾನೇ?" ಅಂತ ಕೇಳಿದರು.

ಇನ್ನೊಂದು ಪ್ರಶ್ನೆ ಕೇಳಿದರು, ಯೂಟ್ಯೂಬ್ ನೋಡಿಕೊಂಡು ಬಂದಿದ್ದರು. "ದುಃಖಕ್ಕೆ ಐದು ಹಂತ ಇದೆಯಂತೆ. ನಾನೀಗ ಯಾವ ಹಂತದಲ್ಲಿದ್ದೀನಿ?" ಈ ಐದು ಹಂತ ಕೇಳಿದರೆ ನನಗೆ ಸ್ವಲ್ಪ ಕಿರಿಕಿರಿ. ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಅದನ್ನು ಬರೆದಿದ್ದು, ಕಾಯಿಲೆಯಿಂದ ಸಾವಿನ ಎದುರು ಮಲಗಿದವರ ಜೊತೆ ಮಾತಾಡಿ. ಉಳಿದವರು ಒಂದಾದ ಮೇಲೊಂದು ಹತ್ತಿ ಮುಗಿಸಬೇಕಾದ ಮೆಟ್ಟಿಲು ಅಲ್ಲ ಅದು. ಹಾಗಂತ ಹೇಳಿದೆ. ಆಕೆ ನಕ್ಕು, "ಹಂತ ಬಿಟ್ರೆ ಮಾರ್ಕ್ಸ್ ಹೋಗುತ್ತೆ ಅಂತಲೇ ನಮಗೆ ಅಭ್ಯಾಸ ಮೇಡಂ" ಅಂದರು. ಅಲ್ಲಿಂದ ಮೇಷ್ಟ್ರು ತಿದ್ದಿದ್ದ ಒಂದು ಪೇಪರಿನ ಕಥೆ ಬಂತು.

ಮೂರನೇ ಭೇಟಿಗೆ ಅದನ್ನೇ ತಂದರು. ಹಳೇ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕಾಗಿ ಮಡಿಸಿದ್ದ, ಆಕೆಯದೇ ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆ. ಆಗ ಗಣಿತ ಪೂರ್ತಿ 100 ಅಂಕದ ಪರೀಕ್ಷೆ. ಮೇಲೆ ಕೆಂಪಿನಲ್ಲಿ 9. ಕೆಂಪು ಅಲ್ಲಿಗೆ ಮುಗಿಯಿತು. ಒಳಗೆಲ್ಲ ಹಸಿರು.

ಒಂದು ಲೆಕ್ಕ ನನಗೂ ತೋರಿಸಿದರು. ಎಕ್ಸ್ ವರ್ಗ ಮೈನಸ್ 5 ಎಕ್ಸ್ ಪ್ಲಸ್ 6 ಸೊನ್ನೆಗೆ ಸಮ, ಎಕ್ಸ್ ಎಷ್ಟು? ಸೂತ್ರ ಸರಿಯಾಗಿ ಬರೆದಿದ್ದಾರೆ. ಅದು ಶುರುವಾಗುವುದೇ ಮೈನಸ್ ಬಿ ಅಂತ. ಇಲ್ಲಿ ಬಿ, ಅಂದರೆ ಎಕ್ಸ್ ಹಿಂದಿರುವ ಸಂಖ್ಯೆ, ಮೈನಸ್ 5, ಹಾಗಾಗಿ ಮೈನಸ್ ಬಿ ಅಂದರೆ ಪ್ಲಸ್ 5. ಅದನ್ನು ಮೈನಸ್ 5 ಅಂತಲೇ ಇಳಿಸಿದ್ದಾರೆ. ಆಮೇಲೆ 25ರಲ್ಲಿ 24 ಕಳೆದು 1, ಅದರ ವರ್ಗಮೂಲ, ಭಾಗಾಕಾರ, ಎಲ್ಲ ಸರಿ. ಉತ್ತರ 2 ಮತ್ತು 3 ಬರಬೇಕಿತ್ತು, ಮೈನಸ್ 2, ಮೈನಸ್ 3 ಬಂದಿದೆ. ಮೇಷ್ಟ್ರು ಚಿಹ್ನೆಗೆ ಒಂದು ಸೊನ್ನೆ ಸುತ್ತಿ, ಸರಿ ಇದ್ದ ಪ್ರತಿ ಸಾಲಿಗೂ ಒಂದು ಹಸಿರು ಗೀಟು ಹಾಕಿದ್ದರು. ಪತ್ರಿಕೆಯ ಕೊನೆಯಲ್ಲಿ ‘ಸರಿ ಹೆಜ್ಜೆ 31’ ಅಂತ ಬರೆದಿದ್ದರು.

"ಎಲ್ಲಿ ಚಿಹ್ನೆ ಬಿಟ್ಟೆ ನೋಡು, ಅಲ್ಲಿಂದಾಚೆ ಎಲ್ಲಾ ಚೆನ್ನಾಗೇ ಮಾಡಿದ್ದೀಯಲ್ಲಮ್ಮ" ಅಂದರಂತೆ. ಅಷ್ಟೇ. ಮುಖ್ಯ ಪರೀಕ್ಷೆಯಲ್ಲಿ ಆಕೆಗೆ ಬಂದಿದ್ದು 58.

ಇಬ್ಬರೂ ಕೂತು ಹಸಿರು ಗೀಟು ಎಣಿಸಿದೆವು. 30. ಮತ್ತೆ ಎಣಿಸಿದೆವು, 30. ಮಡಿಕೆಯಲ್ಲಿ ಅಳಿಸಿಹೋಗಿದೆಯೇನೋ ಅಂತ ಬೆಳಕಿಗೆ ಹಿಡಿದು ನೋಡಿದೆವು. ಇಲ್ಲ. ಆಕೆ ಜೋರಾಗಿ ನಕ್ಕರು, "ಒಂದು ಗ್ರೇಸ್ ಕೊಟ್ಟವರೆ ಮೇಡಂ!" ನಗುತ್ತಲೇ ಅಳು ಬಂತು. ಹತ್ತು ನಿಮಿಷ ನಾನು ಏನೂ ಮಾತಾಡಲಿಲ್ಲ.

ಆಮೇಲೆ ತಾವಾಗಿಯೇ ಹೇಳಿದರು, "ನನಗೆ 9 ಬಂದಾಗ ಅವರು ಹಿಂಗೆ ಮಾಡಿದ್ರು. ನನ್ನ ಮಗಂಗೆ 19 ಬಂದಾಗ ನಾನು ಹರಿದು ಹಾಕ್ದೆ." ಮೂರು ತಿಂಗಳ ನಿದ್ದೆಗೇಡಿಗೆ ಬರೀ ಸಾವು ಕಾರಣವಾಗಿರಲಿಲ್ಲ. ಮೇಷ್ಟ್ರನ್ನು ನೋಡೋಕೆ ಹೋಗದೇ ಇದ್ದ ವರ್ಷಗಳ ತಪ್ಪಿತಸ್ಥ ಭಾವನೆ ಮೊದಲೇ ಇತ್ತು. ಈ ಹರಿದ ಪೇಪರು ಅದರ ಮೇಲೆ ಬಂದು ಕೂತಿತ್ತು.

ಊಟ, ತೂಕ, ಸಾಯುವ ಯೋಚನೆ ಬರುತ್ತದೆಯಾ ಅನ್ನುವುದನ್ನೆಲ್ಲ ನೇರವಾಗಿ ಕೇಳಿದ್ದೆ. ಅಂಥದ್ದೇನೂ ಇರಲಿಲ್ಲ. ಮೂರು ತಿಂಗಳ ದುಃಖವನ್ನು ನಾನು ಕಾಯಿಲೆ ಅನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕೂಡ ಕನಿಷ್ಠ ಆರು ತಿಂಗಳು ದಾಟಿ, ದಿನದ ಬದುಕೇ ನಿಂತುಹೋದಾಗ ಮಾತ್ರ ಹಾಗೆ ಕರೆಯುತ್ತದೆ. (ನಿಮಗೆ ಸಾಯುವ ಯೋಚನೆ ಬರುತ್ತಿದ್ದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.)

ಕೊಟ್ಟ ಸಲಹೆ ದೊಡ್ಡದೇನಲ್ಲ. ಮಗನ ಹತ್ತಿರ ಕ್ಷಮೆ ಕೇಳಿ, ಆದರೆ ಅದರ ಬಾಲಕ್ಕೆ ‘ನೀನೂ ಓದಬೇಕಿತ್ತು’ ಅಂತ ಸೇರಿಸಬೇಡಿ. ಎರಡು ವಾರ ನೀವು ಅವನಿಗೆ ಲೆಕ್ಕ ಹೇಳಿಕೊಡಲೇಬೇಡಿ, ಬೇರೆ ಯಾರಿಗಾದರೂ ಒಪ್ಪಿಸಿ. ಆಫೀಸಿನಲ್ಲಿ ಒಂದು ತಿಂಗಳು ಮೊತ್ತವನ್ನು ಪಕ್ಕದವರಿಂದ ಒಮ್ಮೆ ನೋಡಿಸಿಕೊಳ್ಳಿ, ಇದರಲ್ಲಿ ಅವಮಾನವೇನಿಲ್ಲ. ಗಂಡನಿಗೆ ‘ನನಗೆ ಬೇಜಾರಾಗಿದೆ’ ಅನ್ನುವ ಬದಲು ಈ ಪೇಪರ್ ತೋರಿಸಿ.

ಮುಖ್ಯವಾಗಿ ಹೇಳಿದ್ದು, ಮೇಷ್ಟ್ರ ಮನೆಗೆ ಈಗಲೇ ಹೋಗಿ. "ವೈಕುಂಠ ಸಮಾರಾಧನೆ ಎಲ್ಲ ಮುಗಿದು ಎಷ್ಟೋ ದಿನ ಆಯ್ತಲ್ಲ, ಈಗ ಹೋದರೆ ಏನಂದ್ಕೋತಾರೋ" ಅಂತ ಹಿಂಜರಿದರು. ನನ್ನ ಅನುಭವದಲ್ಲಿ ಇದು ತಿರುಗಾಮುರುಗಾ. ಹದಿಮೂರು ದಿನ ಮನೆ ತುಂಬಾ ಜನ ಇರುತ್ತಾರೆ. ನಾಲ್ಕನೇ ತಿಂಗಳಲ್ಲಿ ಬಾಗಿಲು ಬಡಿಯುವವರೇ ಇರುವುದಿಲ್ಲ. ಆ ಪೇಪರಿನ ಜೆರಾಕ್ಸ್ ತಗೊಂಡು ಹೋಗಿ ಅಂದೆ.

ಹೋದರು, ಗಂಡನ ಜೊತೆ. ಮೇಷ್ಟ್ರ ಹೆಂಡತಿ ಜೆರಾಕ್ಸ್ ನೋಡಿ, "ಅಯ್ಯೋ, ಇಂಥವು ಎಷ್ಟಿವೆಯೋ" ಅಂದರಂತೆ. ಗುಂಪಿನಲ್ಲಿ ಕೇಳಿದಾಗ ಇನ್ನೂ ಏಳು ಜನರ ಹತ್ತಿರ ಹಸಿರು ಪೇಪರ್ ಇರುವುದು ಗೊತ್ತಾಯಿತು. "ನನಗೊಬ್ಬಳಿಗೇ ಅಂದ್ಕೊಂಡಿದ್ದೆ" ಅಂತ ನನ್ನೆದುರು ಮುಖ ಸಣ್ಣ ಮಾಡಿಕೊಂಡರು. ಅದೂ ಒಂದು ಸಣ್ಣ ನಷ್ಟವೇ, ಸಮಾಧಾನ ಹೇಳೋಕೆ ಹೋಗಲಿಲ್ಲ. ಇನ್ನೊಂದು ವಿಷಯವೂ ಆ ಮನೆಯಲ್ಲೇ ತಿಳಿಯಿತಂತೆ. ಹಸಿರು ಇಂಕು ಗೆಜೆಟೆಡ್ ಅಧಿಕಾರಿಗಳದ್ದು, ನಿಮ್ಮದಲ್ಲ ಅಂತ ಹೆಡ್ ಮೇಷ್ಟ್ರು ಎರಡು ಸಲ ಕರೆದು ಹೇಳಿದ್ದರಂತೆ. ಇವರು ಹೂಂ ಅಂದು ಬಂದು ಮತ್ತೆ ಹಸಿರು ರಿಫಿಲ್ಲೇ ಕೊಳ್ಳುತ್ತಿದ್ದರಂತೆ.

ಮಗನಿಗೆ ಈಗ ಎದುರು ಮನೆಯ ಬಿ.ಎಸ್ಸಿ. ಓದುವ ಹುಡುಗಿ ಲೆಕ್ಕ ಹೇಳಿಕೊಡುತ್ತಿದ್ದಾಳೆ. ಹರಿದ ಪೇಪರನ್ನು ಅವನು ಅವತ್ತು ರಾತ್ರಿಯೇ ಸೆಲ್ಲೋ ಟೇಪ್ ಹಾಕಿ ಅಂಟಿಸಿಟ್ಟುಕೊಂಡಿದ್ದನಂತೆ, ಅಮ್ಮನಿಗೆ ಹೇಳಿರಲಿಲ್ಲ. ಆಕೆಗೆ ಈಗ ರಾತ್ರಿ ಸುಮಾರು ಐದು ತಾಸು ನಿದ್ದೆ ಬರುತ್ತಿದೆ, ಪೂರ್ತಿ ಸರಿಹೋಗಿಲ್ಲ. ಮುಂದಿನ ಭೇಟಿ ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಂಡಿದ್ದೇವೆ.