ಮರುನಿರ್ಮಾಣಕ್ಕೆ ಮುನ್ನ ನಿವಾಸಿಗಳ ಮತ ಕೇಳದಿರುವ ಕುರಿತು

ಲಂಡನ್ನಿನ ನಿಮ್ಮ ವಸತಿ ಸಮುಚ್ಚಯವನ್ನು ಕೆಡವಿ ಕಟ್ಟಲು ಹೊರಟಿರುವ ವಸತಿ ಸಂಸ್ಥೆಯು ನಿವಾಸಿಗಳ ಮತದಾನವನ್ನು ಏಕೆ ನಡೆಸಿಲ್ಲ ಎಂದು ನೀವು ಕೇಳಿದ್ದೀರಿ. ಬಹುಶಃ ಕಾರಣವೆಂದರೆ, ಯೋಜನೆಗೆ ಲಂಡನ್ ಮೇಯರ್ ಆಡಳಿತದ ಅನುದಾನ ಇನ್ನೂ ಸೇರಿಲ್ಲ, ಅಥವಾ ಹೊಸ ಮನೆಗಳ ಸಂಖ್ಯೆ 150ಕ್ಕಿಂತ ಕಡಿಮೆಯಿದೆ. 2018ರ ಜುಲೈಯಿಂದ ಬಂದಿರುವ ಈ ಮತದಾನವು ಎಲ್ಲ ಯೋಜನೆಗಳಿಗೂ ಅನ್ವಯಿಸುವ ಕಾನೂನಲ್ಲ, ಅನುದಾನದ ಷರತ್ತು. ಅದಕ್ಕೆ ವಿನಾಯಿತಿಗಳೂ ಇವೆ. ನಿಮ್ಮದು ಇವುಗಳಲ್ಲಿ ಯಾವುದೆಂಬುದು ನೀವು ಬರೆದಷ್ಟರಿಂದ ಖಚಿತವಾಗುವುದಿಲ್ಲ.

ಆದ್ದರಿಂದ ಅನುದಾನ ಕೋರಲಾಗಿದೆಯೇ, ಒಟ್ಟು ಎಷ್ಟು ಮನೆಗಳು, ವಿನಾಯಿತಿ ಪಡೆಯಲಾಗಿದೆಯೇ ಎಂದು ಮೊದಲು ಸಂಸ್ಥೆಯನ್ನು ಲಿಖಿತವಾಗಿ ಕೇಳಿರಿ. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಗಳನ್ನು ಮೇಯರ್ ಆಡಳಿತವಾದ ಗ್ರೇಟರ್ ಲಂಡನ್ ಅಥಾರಿಟಿಗೆ ಕಳುಹಿಸಿರಿ; ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅದು ಸಾಮಾನ್ಯವಾಗಿ 20 ಕೆಲಸದ ದಿನಗಳೊಳಗೆ ಉತ್ತರಿಸಬೇಕು. ನಮ್ಮ ಬಾಡಿಗೆದಾರರ ಸಂಘಕ್ಕೆ ಸ್ಪಷ್ಟ ಉತ್ತರ ದೊರೆತದ್ದು ಈ ದಾರಿಯಲ್ಲೇ.

ಮತದಾನ ಅನ್ವಯಿಸುವುದಾದರೆ, ಅದಕ್ಕೆ ಮುನ್ನ ಸಂಸ್ಥೆ ನಿವಾಸಿಗಳಿಗೆ ಕೊಡಲೇಬೇಕಾದ ಪ್ರಸ್ತಾವನೆಯಲ್ಲಿ ಮರಳಿ ಬರುವ ಹಕ್ಕಿನ ವಿವರವನ್ನು ಎಲ್ಲಕ್ಕಿಂತ ಎಚ್ಚರಿಕೆಯಿಂದ ಓದಿರಿ, ಏಕೆಂದರೆ ಹಳೆಯ ನೆರೆಹೊರೆಯವರೇ ಚದುರಿಹೋದ ಮೇಲೆ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಅದು ನಿಮ್ಮ ಸಮುದಾಯದ ಪುನರುಜ್ಜೀವನವಾಗದು. ಮರಳುವವರ ಬಾಡಿಗೆ ಎಷ್ಟೆಂಬುದನ್ನೂ ಬರಹದಲ್ಲೇ ಪಡೆಯಿರಿ. ಮತದಾನ ಅನ್ವಯಿಸದಿದ್ದರೆ, ಕಟ್ಟಡ ಪರವಾನಗಿಯ ಅರ್ಜಿ ಸ್ಥಳೀಯ ಕೌನ್ಸಿಲ್ ಮುಂದೆ ಬಂದಾಗ ನಿವಾಸಿಗಳ ಆಕ್ಷೇಪಗಳನ್ನು ಗಡುವಿನೊಳಗೆ ಸಲ್ಲಿಸಿರಿ.